ಹಳೆಯ ದೀಪಕ್ಕೆ ಹೊಸ ಬಟ್ಟೆ: ಒಂದು ಲ್ಯಾಂಪ್‌ಶೇಡ್ ಕಿಟ್‌ನ ಜೊತೆ ಮೂರು ತಿಂಗಳು

ನನ್ನದು ಕರಡು ತಿದ್ದುವ ಕೆಲಸ. ಹಗಲು ಮನೆಯ ಗದ್ದಲದಲ್ಲಿ ಕಳೆದುಹೋಗುವುದರಿಂದ ಕೆಲಸ ಶುರುವಾಗುವುದೇ ರಾತ್ರಿ ಹತ್ತರ ಮೇಲೆ, ಅದೂ ಒಂದೇ ಒಂದು ಮೇಜುದೀಪದ ಕೆಳಗೆ. ಈ ದೀಪ ನನ್ನ ಬಳಿ ಬಂದು 22 ವರ್ಷವಾಯಿತು. ಲೇತಿನಲ್ಲಿ ಕಡೆದ ಮರದ ಕಂಬ, ಅಗಲವಾದ ಪೀಠ, ಕಂಬದ ನಡುವೆ ಮಡಕೆಯ ಹೊಟ್ಟೆಯಂಥ ಒಂದು ಉಬ್ಬು. ದೀಪವನ್ನು ಅತ್ತಿತ್ತ ಸರಿಸುವಾಗೆಲ್ಲ ಹಿಡಿಯುವುದು ಅಲ್ಲಿಯೇ ಆದ್ದರಿಂದ ಆ ಉಬ್ಬಿನ ಪಾಲಿಶ್ ಹೋಗಿ, ಕೈಯ ಎಣ್ಣೆಯದೇ ಒಂದು ಹೊಳಪು ಕುಳಿತಿದೆ. ಕಂಬಕ್ಕೆ ವಯಸ್ಸಿನ ಜೊತೆ ಚೆಲುವೂ ಬಂತು. ತಲೆಯ ಮೇಲಿದ್ದ ಶೇಡಿಗೆ ಬರೀ ವಯಸ್ಸು ಬಂತು.

ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಿಗೆ ಹಿಡಿದ ತೆಳುಬಟ್ಟೆ ಅಂಟಿಸಿದ್ದ ಶೇಡ್ ಅದು. ಮೊದಲ ಹತ್ತು ವರ್ಷ ಅದರೊಳಗೆ 60 ವ್ಯಾಟಿನ ತಂತಿಯ ಬಲ್ಬು ಉರಿಸಿದ್ದೇನೆ. ಆ ಬಲ್ಬುಗಳು ಕುಡಿಯುವ ವಿದ್ಯುತ್ತಿನಲ್ಲಿ ಹತ್ತರಲ್ಲೊಂದು ಪಾಲೂ ಕಣ್ಣಿಗೆ ಕಾಣುವ ಬೆಳಕಾಗುವುದಿಲ್ಲ, ಮಿಕ್ಕದ್ದೆಲ್ಲ ಬಿಸಿ. ಆ ಬಿಸಿಯೆಲ್ಲ ಮೇಲಕ್ಕೇರಿ ಶೇಡಿನ ಮೇಲಂಚಿಗೆ ಕಂದು ಬಣ್ಣದ ಗುರುತು ಹಾಕಿತ್ತು. ಕಳೆದ ವರ್ಷ ಧೂಳು ಒರೆಸಲು ಹೋದಾಗ ಒಳಗಿನ ಪ್ಲಾಸ್ಟಿಕ್ ತರಗೆಲೆಯಂತೆ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಅದಾದ ಮೇಲೂ ಎಂಟು ತಿಂಗಳು ಅದನ್ನೇ ಇಟ್ಟುಕೊಂಡು ಕೆಲಸ ಮಾಡಿದೆ. ಕೊನೆಗೆ ಅಕ್ಕನ ಮಗಳು ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. “ಚಿಕ್ಕಮ್ಮ, ಇದನ್ನು ಎಸೆಯಿರಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ನೀವೇ ಒಂದು ಮಾಡಿಕೊಳ್ಳಿ” ಎಂದಳು. ಅದು ಲ್ಯಾಂಪ್‌ಶೇಡ್ ತಯಾರಿಸುವ ಕಿಟ್. ಈಗ ಮೂರು ತಿಂಗಳ ಬಳಕೆಯ ನಂತರ ಅದರ ಬಗ್ಗೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ಕಿಟ್‌ಗಳು ಹಲವು ಹೆಸರುಗಳಲ್ಲಿ ಸಿಗುತ್ತವೆ, ಮಾಡುವ ವಿಧಾನ ಬಹುಮಟ್ಟಿಗೆ ಒಂದೇ.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು. 30 ಸೆಂಟಿಮೀಟರ್ ವ್ಯಾಸದ ಎರಡು ತಂತಿಯ ಬಳೆಗಳು. ಒಂದು ಬರಿಯ ಬಳೆ, ಇನ್ನೊಂದರಲ್ಲಿ ಅಂಚಿನಿಂದ ಹೊರಟ ಮೂರು ಕಡ್ಡಿಗಳು ನಡುವೆ ಹೋಲ್ಡರಿಗೆ ಕೂರುವ ಪುಟ್ಟ ಉಂಗುರವನ್ನು ಹಿಡಿದುಕೊಂಡಿರುತ್ತವೆ. ಒಂದು ಮೈಗೆ ಅಂಟು ಬಳಿದು ಮೇಲೆ ಕಾಗದ ಹೊದಿಸಿದ ಬಿಳಿಯ ಪಿವಿಸಿ ಹಾಳೆ. ಎರಡೂ ಬದಿ ಅಂಟುವ ಟೇಪಿನ ಸುರುಳಿ. ಒಂದು ಅಂಚು ಗರಗಸದ ಹಲ್ಲಿನಂತಿರುವ, ಅಂಗೈಯಗಲದ ಪ್ಲಾಸ್ಟಿಕ್ ತುಂಡು. ಹೋಲ್ಡರ್ ಸಣ್ಣದಿದ್ದರೆ ನಡುವೆ ಸೇರಿಸಲು ಒಂದು ವಾಷರ್. ಜೊತೆಗೆ ನಾಲ್ಕು ಭಾಷೆಗಳಲ್ಲಿ ಅಚ್ಚಾದ ಸೂಚನೆಯ ಹಾಳೆ. ಅದರಲ್ಲಿ ಕನ್ನಡವೂ ಇತ್ತು. ಬಟ್ಟೆ, ಕತ್ತರಿ ಮತ್ತು ದೀಪದ ಕಂಬ ನಮ್ಮ ಪಾಲಿನವು.

ಗಾತ್ರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಶೇಡಿನ ಎತ್ತರ ಕಂಬದ ಎತ್ತರದ ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ಕಣ್ಣಿಗೆ ಹಿತ ಎಂಬುದು ರೂಢಿಯ ಲೆಕ್ಕ. ನನ್ನ ಕಂಬ 32 ಸೆಂಟಿಮೀಟರ್, ಈ ಕಿಟ್‌ನ ಶೇಡ್ 21. ಅಕ್ಕನ ಮಗಳು ಅಳೆದು ತಂದಿದ್ದಳೋ ಅದೃಷ್ಟವೋ ಕೇಳಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೀವು ಕುರ್ಚಿಯಲ್ಲಿ ಕುಳಿತಾಗ ಶೇಡಿನ ಕೆಳಗಿನ ಅಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಹೋದರೆ ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಆಮೇಲೆ ಎಷ್ಟು ಚಂದದ ಬಟ್ಟೆ ಹಾಕಿದರೂ ಆ ದೀಪದ ಬಳಿ ಕೂರಲಾಗುವುದಿಲ್ಲ.

ಸೂಚನೆಯ ಹಾಳೆಯನ್ನು ಕೆಂಪು ಪೆನ್ನು ಹಿಡಿದೇ ಓದಿದೆ. ಅಭ್ಯಾಸಬಲ. ಎರಡನೆಯ ಸಾಲಿನಲ್ಲೇ ಪೆನ್ನಿಗೆ ಕೆಲಸ ಸಿಕ್ಕಿತು. “ಬಟ್ಟೆಯನ್ನು 95 × 22 ಸೆಂಟಿಮೀಟರ್ ಅಳತೆಗೆ ಕತ್ತರಿಸಿಕೊಳ್ಳಿ” ಎಂದಿತ್ತು. ಲೆಕ್ಕ ಹಾಕಿ ನೋಡಿ: 30 ಸೆಂಟಿಮೀಟರ್ ವ್ಯಾಸದ ಬಳೆಯ ಸುತ್ತಳತೆ 94.2. ಪಿವಿಸಿ ಹಾಳೆಯ ಉದ್ದ 95.5, ಅಂದರೆ ತುದಿಗಳು ಒಂದರ ಮೇಲೊಂದು ಕೂರಲು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ. ಸರಿ. ಆದರೆ ಅಗಲದಲ್ಲಿ ಹಾಳೆಯ ಎರಡೂ ಅಂಚಿಗೆ 12 ಮಿಲಿಮೀಟರಿನ ಪಟ್ಟಿಗಳಿವೆ. ಬಟ್ಟೆ ಅಂಟಿಸಿದ ಮೇಲೆ ಆ ಪಟ್ಟಿಗಳನ್ನು ಹಿಂದಕ್ಕೆ ಬಾಗಿಸಿ ಮುರಿದು ತೆಗೆಯಬೇಕು. ಆಗ ಅಂಚಿನಲ್ಲಿ ಉಳಿಯುವ ಬಟ್ಟೆಯೇ ಬಳೆಯನ್ನು ಸುತ್ತಿ ಒಳಗೆ ಮಡಚಿಕೊಳ್ಳುವುದು. ಪಟ್ಟಿಗಳೂ ಸೇರಿದರೆ ಹಾಳೆಯ ಅಗಲ 23.4. ಇಪ್ಪತ್ತೆರಡರ ಬಟ್ಟೆ ಹಾಕಿದವರಿಗೆ ಮಡಚಲು ಬಟ್ಟೆ ಸಾಲದೆ ತಂತಿ ಹೊರಗೆ ಇಣುಕುತ್ತದೆ. ಕನಿಷ್ಠ 98 × 26 ಇಟ್ಟುಕೊಳ್ಳಿ. ಈ ಒಂದು ವಾಕ್ಯಕ್ಕಾಗಿಯೇ ನನ್ನ ಬರಹವನ್ನು ಯಾರಾದರೂ ಓದಿದರೆ ಸಾಕು.

ಅಂಟಿನ ಹಾಳೆಗೆ ಕ್ಷಮೆ ಎಂಬುದಿಲ್ಲ. ಬಟ್ಟೆ ಒಮ್ಮೆ ಕುಳಿತರೆ ಕುಳಿತಂತೆಯೇ. ಆದ್ದರಿಂದ ಕೈಗೆ ಸಿಕ್ಕ ಖಾಕಿ ಕಾಗದವನ್ನು 95.5 × 21ಕ್ಕೆ ಕತ್ತರಿಸಿ, ಬಳೆಗಳಿಗೆ ತಾತ್ಕಾಲಿಕವಾಗಿ ಕ್ಲಿಪ್ ಹಾಕಿ ಒಂದು ಸುಳ್ಳು ಶೇಡ್ ಮಾಡಿ ಕಂಬದ ಮೇಲೆ ಕೂರಿಸಿದೆ. ಇದರಿಂದ ಒಂದು ದೊಡ್ಡ ತಪ್ಪು ತಪ್ಪಿತು. ಮೇಲಿನಿಂದ ನೇತಾಡುವ ದೀಪಕ್ಕೆ ಕಡ್ಡಿಗಳಿರುವ ಬಳೆ ಮೇಲೆ ಬರುತ್ತದೆ, ನನ್ನಂಥ ಮೇಜುದೀಪಕ್ಕೆ ಕೆಳಗೆ. ಸೂಚನೆಯ ಚಿತ್ರದಲ್ಲಿದ್ದದ್ದು ನೇತಾಡುವ ದೀಪ. ಬಣ್ಣ ಬಳಿದಂತಿರುವ ಸಾದಾ ಬಟ್ಟೆಯಾದರೆ ಚಿಂತೆಯಿಲ್ಲ, ತಿರುಗಿಸಿ ಕೂರಿಸಿದರಾಯಿತು. ನನ್ನ ಬಟ್ಟೆಯ ಮೇಲೆ ಹಕ್ಕಿಗಳಿದ್ದವು. ಚಿತ್ರ ನೋಡಿ ಮಾಡಿದ್ದರೆ ಅಷ್ಟೂ ಹಕ್ಕಿಗಳು ಬಾವಲಿಗಳಾಗುತ್ತಿದ್ದವು.

ಇನ್ನು ಬಟ್ಟೆಯ ಆಯ್ಕೆ. ಇಲ್ಲಿ ಸೂಚನೆಯ ಹಾಳೆ “ನಿಮಗಿಷ್ಟವಾದ ಬಟ್ಟೆ” ಎಂದು ಎರಡೇ ಪದಗಳಲ್ಲಿ ಕೈ ತೊಳೆದುಕೊಂಡಿದೆ. ನನಗಿಷ್ಟವಾದ ಬಟ್ಟೆಗಳು ನಾಲ್ಕಿದ್ದವು. ಹಗಲಿನಲ್ಲಿ ಹಾಸಿಗೆಯ ಮೇಲೆ ಹರಡಿ ನೋಡಿದಾಗ ಗೆದ್ದದ್ದು ಕಡುಗೆಂಪು ರೇಷ್ಮೆಯ ಸ್ಕಾರ್ಫ್. ರಾತ್ರಿ ಬಲ್ಬು ಹಾಕಿ, ಒಂದೊಂದನ್ನೇ ಅದರ ಮುಂದೆ ಒಂದು ಗೇಣು ದೂರದಲ್ಲಿ ಎತ್ತಿ ಹಿಡಿದೆ. ರೇಷ್ಮೆಯ ಮುಂದೆ ಕುಳಿತ ನನ್ನ ಕೈ, ಗೋಡೆ, ಕಾಗದ ಎಲ್ಲವೂ ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಬಂದಂತಾದವು. ಅಲ್ಲಿ ನನ್ನ ಕೆಂಪು ಪೆನ್ನಿನ ಗುರುತು ಹುಡುಕಿದರೂ ಕಾಣುತ್ತಿರಲಿಲ್ಲ. ನೀಲಿ ಚೌಕುಳಿಯ ಅಂಗಿಯ ಬಟ್ಟೆ ಹಗಲಿನಲ್ಲಿ ಅಚ್ಚುಕಟ್ಟು, ಬೆಳಕಿನ ಮುಂದೆ ಬೂದು. ಅಲ್ಲದೆ ಚೌಕುಳಿ, ಗೆರೆ ಇರುವ ಬಟ್ಟೆ ಒಂದು ಕೂದಲೆಳೆ ಓರೆಯಾಗಿ ಕುಳಿತರೂ ಶೇಡಿನ ಸುತ್ತ ಅದು ಏಣಿ ಹತ್ತುತ್ತಾ ಹೋಗಿ ಸೇರುವ ಜಾಗದಲ್ಲಿ ಬಯಲಾಗುತ್ತದೆ. ಪಾಲಿಯೆಸ್ಟರ್ ಪರದೆಯ ತುಂಡು ನುಣುಪಾಗಿತ್ತು, ಅಂಟಿಗೆ ಕಚ್ಚಿಕೊಳ್ಳಲೇ ಇಲ್ಲ. ಮೂಲೆಯಲ್ಲಿ ಒಂದು ಚೂರು ಪರೀಕ್ಷಿಸಿದ್ದೆ, ಮರುದಿನಕ್ಕೆ ಎದ್ದುಬಂದಿತ್ತು. ಉಳಿದದ್ದು ನಾಲ್ಕನೆಯದು.

ಅದು ನನ್ನ ಸೋದರತ್ತೆ ಕಸೂತಿ ಹಾಕಿದ ಮೇಜುಹಾಸು. ಕೆನೆಬಣ್ಣದ ಒತ್ತು ನೇಯ್ಗೆಯ ಹತ್ತಿ ಬಟ್ಟೆ, ಅಂಚಿನುದ್ದಕ್ಕೂ ಬಳ್ಳಿ, ಬಳ್ಳಿಯ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಹಕ್ಕಿ. ಒಂದು ಮೂಲೆಯಲ್ಲಿ ಶಾಯಿ ಚೆಲ್ಲಿ ಅಂಗೈಯಷ್ಟು ಕಲೆಯಾದ್ದರಿಂದ ಮೂವತ್ತು ವರ್ಷ ಮಡಚಿ ಒಳಗಿಟ್ಟದ್ದು. ಶಾಯಿ ಚೆಲ್ಲಿದ್ದು ನಾನೇ. ಅತ್ತೆ ಬೈಯಲಿಲ್ಲ, ಇನ್ನೊಂದನ್ನು ಹಾಕಲೂ ಇಲ್ಲ.

ಬೆಳಕಿನ ಮುಂದೆ ಹಿಡಿದಾಗ ಬಟ್ಟೆಯ ಹಾಸು ಹೊಕ್ಕು ಎರಡೂ ಬಿಡಿಬಿಡಿಯಾಗಿ ಕಂಡವು, ಕೆನೆಬಣ್ಣ ಜೇನಿನ ಬಣ್ಣಕ್ಕೆ ತಿರುಗಿತು. ಅದರ ಜೊತೆಗೆ ನಾನು ಎಂದೂ ನೋಡದಿದ್ದ ಇನ್ನೊಂದು ಚಿತ್ರವೂ ಮೂಡಿತು. ಕಸೂತಿಯ ಹಿಂಬದಿ! ಒಂದು ಹಕ್ಕಿ ಮುಗಿದ ಮೇಲೆ ನೂಲನ್ನು ಕತ್ತರಿಸದೆ ಮುಂದಿನ ಹಕ್ಕಿಗೆ ಎಳೆದುಕೊಂಡು ಹೋದ ದಾರಿಗಳು, ಗಂಟುಗಳು, ಒಂದು ಕಡೆ ಬಿಚ್ಚಿ ಮತ್ತೆ ಹಾಕಿದ ಎಲೆಯ ಗೋಜಲು. ಎದುರು ಬದಿಯಲ್ಲಿ ಲೋಪವೇ ಇಲ್ಲದಂತೆ ಕಾಣುತ್ತಿದ್ದ ಕೆಲಸದ ಕರಡುಪ್ರತಿ ನನ್ನ ಕೈಯಲ್ಲಿತ್ತು. ಅತ್ತೆ ನೂಲು ಉಳಿಸುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಆ ರಾತ್ರಿ.

ಈ ಕಿಟ್‌ನ ಬಗ್ಗೆ ನಾನು ಹೇಳಬೇಕಾದ ಮಾತು ಇಲ್ಲಿದೆ. ಅದರ ವಿನ್ಯಾಸ ಚೆನ್ನಾಗಿದೆ, ಕೆಲಸ ಕಷ್ಟವಲ್ಲ, ಆದರೆ ಅದು ಬಟ್ಟೆಯನ್ನು ನೀವು ಬಲ್ಲ ಬದಿಯಿಂದ ತೋರಿಸುವುದಿಲ್ಲ. ಶೇಡ್ ಎಂದರೆ ಹಿಂದಿನಿಂದ ಬೆಳಕು ಬಿದ್ದ ಬಟ್ಟೆ. ಜೋಡಿಸಿದ ಹೊಲಿಗೆ, ಒಳಗೆ ಮಡಚಿದ ಅಂಚು, ಹಚ್ಚಿದ ತೇಪೆ, ಗಂಟು ಎಲ್ಲವೂ ದೀಪ ಹಚ್ಚಿದ ಕೂಡಲೇ ಕಪ್ಪಾಗಿ ಎದ್ದು ನಿಲ್ಲುತ್ತವೆ. ಹಗಲು ಬಟ್ಟೆಯಂಗಡಿಯಲ್ಲಿ ನಿಂತು ಆರಿಸಿದ ಬಟ್ಟೆ ರಾತ್ರಿ ನಿಮ್ಮದಾಗಿರುವುದಿಲ್ಲ. ಸಾಧ್ಯವಾದರೆ ಮೊಬೈಲಿನ ಟಾರ್ಚನ್ನಾದರೂ ಹಿಂದೆ ಹಿಡಿದು ನೋಡಿ ಕೊಳ್ಳಿ.

ಗಂಟುಗಳ ನೆರಳು ಹುಳ ಹರಿದಂತೆ ಕಾಣುತ್ತಿತ್ತು ಎಂದು ಮೊದಲು ಕತ್ತರಿಸಲು ಹೊರಟೆ. ಒಂದು ಎಳೆಯನ್ನು ಕತ್ತರಿಸಿದ್ದೇ ತಡ, ಮುಂದೆ ಒಂದು ಹಕ್ಕಿಯ ಬಾಲ ಸಡಿಲವಾಯಿತು. ಕತ್ತರಿ ಕೆಳಗಿಟ್ಟೆ. ಆ ಬಾಲವನ್ನು ಮತ್ತೆ ಬಿಗಿಮಾಡಲು ಮುಕ್ಕಾಲು ಗಂಟೆ ಹಿಡಿಯಿತು, ಮತ್ತು ನಾನು ಹಾಕಿದ ಹೊಲಿಗೆ ಈಗಲೂ ಬೇರೆಯಾಗಿ ಕಾಣುತ್ತದೆ. ಉಳಿದ ಗಂಟುಗಳನ್ನು ಇದ್ದ ಹಾಗೆಯೇ ಬಿಟ್ಟೆ.

ಹತ್ತಿ ಬಟ್ಟೆಯಾದರೆ ಒಗೆದು, ಒಣಗಿಸಿ, ಹಬೆಯ ಇಸ್ತ್ರಿ ಹಾಕಿಕೊಳ್ಳಲೇಬೇಕು. ಮಡಿಕೆಯ ಗೆರೆ ಅಂಟಿನ ಕೆಳಗೆ ಶಾಶ್ವತವಾಗಿ ಉಳಿಯುತ್ತದೆ. ಕಸೂತಿಯ ಮೇಲೆ ನೇರ ಇಸ್ತ್ರಿ ಹಾಕದೆ, ದಪ್ಪ ಟವೆಲಿನ ಮೇಲೆ ಕಸೂತಿಯ ಮುಖ ಕೆಳಗೆ ಮಾಡಿ ಹಿಂದಿನಿಂದ ಒತ್ತಿದೆ. ಹಾಗೆ ಮಾಡಿದರೆ ಹೊಲಿಗೆ ಚಪ್ಪಟೆಯಾಗುವುದಿಲ್ಲ. ಶಾಯಿಯ ಮೂಲೆಯನ್ನು ಬಿಟ್ಟು ಉಳಿದ ಭಾಗದಲ್ಲಿ 98 ಸೆಂಟಿಮೀಟರಿನ ಅಂಚು ಸರಿಯಾಗಿ ಸಿಕ್ಕಿತು.

ಅಂಟಿಸುವ ಕೆಲಸಕ್ಕೆ ದೊಡ್ಡ ಮೇಜು ಬೇಕು. ನನ್ನಲ್ಲಿಲ್ಲ, ನೆಲದ ಮೇಲೆ ಮಾಡಿದೆ. ಬಟ್ಟೆಯನ್ನು ಮುಖ ಕೆಳಗೆ ಮಾಡಿ ಹಾಸಿ, ಹಾಳೆಯನ್ನು ಮೇಲಿಟ್ಟು ಪೆನ್ಸಿಲಿನಿಂದ ಮೂಲೆಗಳನ್ನು ಗುರುತು ಮಾಡಿಕೊಳ್ಳಬೇಕು. ಆಮೇಲೆ ಹಾಳೆಯ ಹಿಂದಿನ ಕಾಗದವನ್ನು ಒಂದು ತುದಿಯಲ್ಲಿ ಹತ್ತು ಸೆಂಟಿಮೀಟರಿನಷ್ಟು ಬಿಡಿಸಿ, ಬಟ್ಟೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಕಾಗದ ಎಳೆಯುತ್ತಾ ಇನ್ನೊಂದು ಕೈಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಮುಂದುವರಿಯಬೇಕು. ಮಗುವಿನ ಬೆನ್ನು ತಟ್ಟಿದ ಹಾಗೆ ಹಗುರವಾಗಿ, ಬಿಡದೆ. ಎಲ್ಲ ಕಾಗದವನ್ನು ಒಮ್ಮೆಲೇ ಕಿತ್ತವರ ಗತಿ ಏನಾಗುತ್ತದೆಂದು ಊಹಿಸಬಲ್ಲೆ. ಸಾದಾ ಜಾಗಗಳಲ್ಲಿ ಅಂಟು ಒಂದು ಗುಳ್ಳೆಯೂ ಇಲ್ಲದೆ ಕುಳಿತಿತು, ಇದಕ್ಕೆ ಪೂರ್ತಿ ಅಂಕ. ಕಸೂತಿ ದಪ್ಪವಾಗಿದ್ದ ಕಡೆ ಮಾತ್ರ ಹಕ್ಕಿಗಳ ಸುತ್ತ ಬಟ್ಟೆ ಹಾಳೆಗೆ ತಾಗದೆ ಗಾಳಿ ಉಳಿಯಿತು. ಚಮಚದ ಬೆನ್ನಿನಿಂದ ಹೊಲಿಗೆಯ ಅಂಚಿನುದ್ದಕ್ಕೂ ತೀಡಿದೆ. ಮುಕ್ಕಾಲು ಪಾಲು ಸರಿಹೋಯಿತು.

ಬಳೆಗಳನ್ನು ಉರುಳಿಸುವ ಘಟ್ಟ ಬಂದಾಗ ಮನೆಯವರನ್ನು ಕರೆದೆ. “ರೀ, ಆ ಕಡೆಯ ಬಳೆ ಹಿಡಿದುಕೊಳ್ಳಿ” ಎಂದೆ. ಎರಡೂ ಬಳೆಗಳ ಹೊರಮೈಗೆ ಟೇಪು ಸುತ್ತಿ, ಹಾಳೆಯ ಎರಡು ಉದ್ದ ಅಂಚುಗಳ ಮೇಲೆ ಅವನ್ನು ನಿಲ್ಲಿಸಿ, ಬಂಡಿಯ ಚಕ್ರಗಳಂತೆ ಒಂದೇ ವೇಗದಲ್ಲಿ ಉರುಳಿಸಬೇಕು. ಬಳೆ ಕೂರಬೇಕಾದ್ದು ಪಿವಿಸಿಯ ಅಂಚಿನ ಮೇಲೆ, ಹೊರಚಾಚಿದ ಬಟ್ಟೆಯ ಮೇಲಲ್ಲ. ಕಡ್ಡಿಗಳು ಶೇಡಿನ ಒಳಮುಖವಾಗಿರಬೇಕು. ಒಬ್ಬರೇ ಮಾಡಬಹುದು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಒಬ್ಬರಿಗೆ ಮೂರು ಕೈಯಿದ್ದರೆ ಮಾಡಬಹುದು. ನಾವಿಬ್ಬರೂ ಸೇರಿಯೂ ಅರ್ಧ ದಾರಿಯಲ್ಲಿ ಅವರ ಬಳೆ ನನ್ನದಕ್ಕಿಂತ ಮುಂದೆ ಹೋಗಿ ಶೇಡ್ ಸೊಟ್ಟಗಾಗತೊಡಗಿತು. ಅದೃಷ್ಟಕ್ಕೆ ಈ ಟೇಪು ಹಾಳೆಯ ಅಂಟಿನಷ್ಟು ಹಟಮಾರಿಯಲ್ಲ, ಹಿಂದಕ್ಕೆ ಬಿಡಿಸಿಕೊಂಡು ಮತ್ತೆ ಉರುಳಿಸಿದೆವು. “ಇದಕ್ಕಿಂತ ನಿನ್ನ ಕರಡು ತಿದ್ದುವುದೇ ಸುಲಭ” ಎಂದು ಹೇಳಿ ಅವರು ಎದ್ದುಹೋದರು. ಅವರು ಒಂದು ಕರಡನ್ನೂ ತಿದ್ದಿದವರಲ್ಲ.

ನನಗೆ ಅತ್ಯಂತ ಇಷ್ಟವಾದ ಉಪಕರಣ ಆ ಹಲ್ಲಿನ ಪ್ಲಾಸ್ಟಿಕ್ ತುಂಡು. ಅಂಚಿನ ಬಟ್ಟೆಯನ್ನು ಬಳೆಯ ಸುತ್ತ ಮಡಚಿ, ಈ ಹಲ್ಲುಗಳಿಂದ ಬಳೆಯ ಹಿಂದಿನ ಸಂದಿಗೆ ತುರುಕಿದರೆ ಬಟ್ಟೆ ಒಳಗೆ ಹೋಗಿ ಅಡಗುತ್ತದೆ, ಹೊರಗೆ ದುಂಡಗಿನ ಅಂಚು ಉಳಿಯುತ್ತದೆ. ಅಂಗಡಿಯ ಶೇಡಿಗೂ ಇದಕ್ಕೂ ವ್ಯತ್ಯಾಸ ಹೇಳಲಾಗದಷ್ಟು ಶುಭ್ರ. ಎರಡು ಬಳೆಗೂ ಸೇರಿ 40 ನಿಮಿಷ ಬೇಕಾಯಿತು. ರೇಡಿಯೋ ಕೇಳುತ್ತಾ ಮಾಡಬಹುದಾದ ಕೆಲಸ. ಮೂರು ಕಡ್ಡಿಗಳು ಬಳೆಯನ್ನು ಸೇರುವ ಜಾಗದಲ್ಲಿ ಬಟ್ಟೆ ತಡೆಯುತ್ತದೆ. ಅಲ್ಲಿ ಕತ್ತರಿಯ ತುದಿಯಿಂದ ಒಂದೊಂದು ಪುಟ್ಟ ಸೀಳು ಕೊಟ್ಟರೆ ಬಟ್ಟೆ ಕಡ್ಡಿಯ ಎರಡೂ ಬದಿಗೆ ಹಂಚಿಕೊಂಡು ಒಳಗೆ ಹೋಗುತ್ತದೆ. ಸೂಚನೆಯ ಹಾಳೆಗೆ ಈ ಸೀಳಿನ ಸುದ್ದಿಯೇ ಗೊತ್ತಿಲ್ಲ.

ಬಳೆಗಳ ಬಗ್ಗೆ ಒಂದು ದೂರು. ಬರಿಯ ಬಳೆಯಲ್ಲಿ ತಂತಿಯ ತುದಿಗಳನ್ನು ಬೆಸೆದ ಜಾಗದಲ್ಲಿ ಒಂದು ಗಂಟು ಉಳಿದಿತ್ತು, ಅದು ಬಟ್ಟೆಯ ಕೆಳಗಿನಿಂದ ಮೊಡವೆಯಂತೆ ಕಾಣುತ್ತಿತ್ತು. ಬಟ್ಟೆ ಹಾಕುವ ಮೊದಲೇ ಕಂಡಿದ್ದರೆ ಮರಳು ಕಾಗದದಿಂದ ಉಜ್ಜುತ್ತಿದ್ದೆ. ಈಗ ಆ ಭಾಗವನ್ನು ಸೇರುವೆಯ ಜೊತೆಗೆ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೇನೆ.

ಶೇಡ್ ಸಿದ್ಧವಾಯಿತೆಂದು ಹಳೆಯ ಕಂಬದ ಮೇಲೆ ಕೂರಿಸಿ ಸ್ವಿಚ್ ಹಾಕುವ ಆತುರ ಬೇಡ. ನನ್ನ ದೀಪದ ಹೋಲ್ಡರ್ ಬೇಕಲೈಟಿನದು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಆ ಗಟ್ಟಿ ಕಪ್ಪು ಪ್ಲಾಸ್ಟಿಕ್ ಬಿಸಿಗೆ ಕರಗುವುದಿಲ್ಲ, ಆದರೆ ವಯಸ್ಸಾದ ಮೇಲೆ ತಿರುವಿದರೆ ಬಿರುಕು ಬಿಡುತ್ತದೆ. ಶೇಡನ್ನು ಬಿಗಿ ಹಿಡಿಯುವ ತಿರುಪಿನ ಬಳೆಯನ್ನು ತಿರುಗಿಸಿದಾಗ ಅದು ಎರಡು ಹೋಳಾಗಿ ನನ್ನ ಕೈಗೆ ಬಂತು. ಒಳಗೆ ನೋಡಿದರೆ ವೈರಿನ ಹೊದಿಕೆಯೂ ಸೀಳಿತ್ತು. ಇಷ್ಟು ದಿನ ಇದರ ಕೆಳಗೆ ಕುಳಿತು ಅಲ್ಪವಿರಾಮಗಳ ಬಗ್ಗೆ ಚಿಂತಿಸಿದ್ದೆ! ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಹೋಲ್ಡರ್, ವೈರು ಎರಡನ್ನೂ ಬದಲಾಯಿಸಿದೆ. ಹತ್ತೇ ನಿಮಿಷದ ಕೆಲಸ. ಕಂಬ ಲೋಹದ್ದಾಗಿದ್ದರೆ ಅರ್ಥ್ ಇರುವ ಮೂರೆಳೆಯ ವೈರು ಬೇಕೆಂದು ಆತ ಹೇಳಿ ಹೋದ; ಮರದ್ದಾದ್ದರಿಂದ ನನಗೆ ಎರಡೆಳೆ ಸಾಕಾಯಿತು.

ಕಿಟ್‌ನ ನಡು ಉಂಗುರ ದಪ್ಪ ತಿರುಪಿನ ಹೋಲ್ಡರಿಗೆ ಹೊಂದುವಂಥದು. ನನ್ನದು ಎರಡು ಮುಳ್ಳಿನ ಬಲ್ಬು ಹಾಕುವ, ಬಿ22 ಎನ್ನುತ್ತಾರಲ್ಲ, ಆ ಜಾತಿಯ ಸಣ್ಣ ಹೋಲ್ಡರ್. ಅದಕ್ಕಾಗಿ ಕೊಟ್ಟ ವಾಷರ್ ಸಡಿಲ. ಶೇಡ್ ಟೋಪಿ ಓರೆ ಮಾಡಿಕೊಂಡ ಪೋಲಿ ಹುಡುಗನಂತೆ ವಾಲುತ್ತಿತ್ತು. ತಿರುಪಿನ ಬಳೆಯನ್ನು ಪೂರ್ತಿ ಬಿಗಿದ ಮೇಲೆ ನೆಟ್ಟಗಾಯಿತಾದರೂ, ದೀಪ ಸರಿಸುವಾಗ ಈಗಲೂ ಕಂಬವನ್ನೇ ಹಿಡಿಯುತ್ತೇನೆ.

ಬಲ್ಬಿನ ವಿಷಯದಲ್ಲಿ ಜಿಪುಣತನ ಬೇಡ. ಬಟ್ಟೆಯ ಶೇಡಿನೊಳಗೆ ಎಲ್‌ಇಡಿ ಬಿಟ್ಟು ಬೇರೇನನ್ನೂ ಹಾಕುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಬೆಳಕನ್ನು 8 ಅಥವಾ 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಸಾಮಾನ್ಯ ಎಲ್‌ಇಡಿ ಬಲ್ಬಿನ ದಪ್ಪ 6 ಸೆಂಟಿಮೀಟರ್, ಶೇಡಿನ ವ್ಯಾಸ 30. ಅಂದರೆ ಸುತ್ತಲೂ 12 ಸೆಂಟಿಮೀಟರ್ ಬಯಲು. ಒಂದು ಗಂಟೆ ಉರಿಸಿ ಬಟ್ಟೆ ಮುಟ್ಟಿ ನೋಡಿದೆ, ಬಿಸಿಯೇ ಇಲ್ಲ. ಬಣ್ಣಕ್ಕೆ ಪೆಟ್ಟಿಗೆಯ ಮೇಲಿನ ಕೆಲ್ವಿನ್ ಸಂಖ್ಯೆ ನೋಡಬೇಕು. ಮನೆಯಲ್ಲಿದ್ದ 6500ರ ಬಲ್ಬು ಹಾಕಿದಾಗ ಅತ್ತೆಯ ಹಕ್ಕಿಗಳು ಶವಾಗಾರದಲ್ಲಿ ಮಲಗಿದಂತೆ ಕಂಡವು. 2700ಕ್ಕೆ ಬದಲಾಯಿಸಿದ ಮೇಲೆ ಜೇನಿನ ಬಣ್ಣ ಮರಳಿತು. ಈ 2700 ಎಂಬ ಅಂಕಿ ಹಳೆಯ ಬಲ್ಬಿನೊಳಗೆ ಕೆಂಡವಾಗಿ ಉರಿಯುತ್ತಿದ್ದ ಟಂಗ್‌ಸ್ಟನ್ ತಂತಿಯ ಉಷ್ಣತೆಯ ಆಸುಪಾಸಿನದು. ತಂತಿ ಹೋಯಿತು, ಅದರ ಬಿಸಿಯೂ ಹೋಯಿತು, ಬಿಸಿಯ ಅಂಕಿ ಮಾತ್ರ ತಣ್ಣನೆಯ ಬಲ್ಬಿನ ಪೆಟ್ಟಿಗೆಯ ಮೇಲೆ ಉಳಿದುಕೊಂಡಿದೆ.

ಓದುವ ಬೆಳಕು ಹೇಗಿದೆ ಎಂದರೆ, ಮೊದಲಿಗಿಂತ ಚೆನ್ನಾಗಿದೆ. ಪಿವಿಸಿ ಹಾಳೆಯ ಒಳಮೈ ಬೆಳ್ಳಗಿರುವುದರಿಂದ ಬೆಳಕನ್ನು ಕೆಳಗೆ ತಳ್ಳುತ್ತದೆ. ಹಳದಿಗಟ್ಟಿದ ಹಳೆಯ ಶೇಡು ಅದನ್ನು ತಾನೇ ನುಂಗುತ್ತಿತ್ತು. ಈಗ ಅರ್ಧವಿರಾಮದ ಚುಕ್ಕಿಯೂ ಕಾಣುತ್ತದೆ. ಬಣ್ಣದ ಮುಖಪುಟಗಳನ್ನು ನೋಡಲು ಮಾತ್ರ ಈ ಬೆಳಕನ್ನು ನಂಬುವುದಿಲ್ಲ. ಕೆನೆಬಟ್ಟೆ ಎಲ್ಲವನ್ನೂ ತುಸು ಹಳದಿ ಮಾಡುತ್ತದೆ, ಅದಕ್ಕೆ ಹಗಲೇ ಸರಿ.

ಐದನೆಯ ವಾರದಲ್ಲಿ ಸೇರುವೆಯ ಮೇಲಿನ ಮೂಲೆ ಬಿಟ್ಟುಕೊಂಡಿತು, ಎರಡು ಸೆಂಟಿಮೀಟರಿನಷ್ಟು. ಕಿಟ್‌ನಲ್ಲಿ ಬಂದ ಟೇಪಿನ ತಾಕತ್ತು ಅಷ್ಟೇ. ಶೇಡ್ ಸದಾ ಬಿಚ್ಚಿಕೊಳ್ಳಲು ಹವಣಿಸುವ ಸುರುಳಿ. ಆ ಎಳೆತವೆಲ್ಲ ಬಂದು ಬೀಳುವುದು ಈ ಒಂದು ಗೆರೆಯ ಮೇಲೆ. ಬಟ್ಟೆಗೆ ಹಾಕುವ ಗೋಂದನ್ನು ಕಡ್ಡಿಯ ತುದಿಯಿಂದ ಒಳಗೆ ಹಚ್ಚಿ, ಬಟ್ಟೆ ಒಣಗಿಸುವ ಎರಡು ಕ್ಲಿಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಅಲ್ಲಿಂದೀಚೆಗೆ ಅಲುಗಿಲ್ಲ. ಮೊದಲೇ ಗೋಂದು ಹಾಕಿ ಎಂಬುದು ನನ್ನ ಸಲಹೆ. ಎರಡು ಹಕ್ಕಿಗಳ ಹೊಟ್ಟೆಯ ಬಳಿ ಗಾಳಿಯ ಗುಳ್ಳೆ ಮರಳಿ ಬಂದಿದೆ, ಅದಕ್ಕೆ ಮದ್ದಿಲ್ಲ. ಧೂಳನ್ನು ಮೃದುವಾದ ಒಣ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಗುಡಿಸುತ್ತೇನೆ. ನೀರು ಮುಟ್ಟಿಸುವ ಹಾಗಿಲ್ಲ.

ಈ ಕೊನೆಯ ಮಾತೇ ನನ್ನ ದೊಡ್ಡ ತಕರಾರಿಗೆ ದಾರಿ. ಈ ವಿಧಾನದಲ್ಲಿ ಬಟ್ಟೆಗೆ ವಾಪಸಾತಿಯಿಲ್ಲ. ಒಗೆಯಲಾಗದು, ಬಿಡಿಸಲಾಗದು. ತಂತಿಯ ಚೌಕಟ್ಟಿಗೆ ಬಟ್ಟೆಯನ್ನು ಕೈಯಲ್ಲೇ ಹೊಲಿಯುವ ಹಳೆಯ ಪದ್ಧತಿಯೂ ಇದೆ. ಅದರಲ್ಲಿ ಮೊದಲು ಪ್ರತಿ ತಂತಿಗೂ ಹತ್ತಿಯ ನವಾರನ್ನು ಓರೆಯಾಗಿ, ಬಿಗಿಯಾಗಿ ಸುತ್ತಬೇಕು. ತಂತಿಯ ಉದ್ದದ ಎರಡರಷ್ಟು ನವಾರು ಹಿಡಿಯುತ್ತದೆ. ಆಮೇಲೆ ಬಟ್ಟೆಯನ್ನು ಓರೆಗೆ ಕತ್ತರಿಸಿ, ಎಳೆದೆಳೆದು ಗುಂಡುಪಿನ್ನು ಚುಚ್ಚಿ, ಆ ನವಾರಿಗೆ ಹೊಲಿಯುವುದು. ಓರೆಗೆ ಕತ್ತರಿಸಿದ ಬಟ್ಟೆ ಮಾತ್ರ ಸುಕ್ಕಿಲ್ಲದೆ ಬಾಗುವಿಗೆ ಒಗ್ಗುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ, ಆದರೆ ಬೇಡವೆನಿಸಿದ ದಿನ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಹಿಂದಕ್ಕೆ ಪಡೆಯಬಹುದು. ಶಾಯಿಯ ಕಲೆಯಿಂದ ಆಗಲೇ ಅರ್ಧ ಕೆಟ್ಟಿದ್ದ ಮೇಜುಹಾಸು ಎಂಬ ಕಾರಣಕ್ಕೆ ನಾನು ಕಿಟ್‌ಗೆ ಒಪ್ಪಿಕೊಂಡೆ. ಕಲೆಯಿಲ್ಲದ ಬಟ್ಟೆಯಾಗಿದ್ದರೆ ಕತ್ತರಿ ಹಾಕುತ್ತಿರಲಿಲ್ಲ. ಹಾಗೆಯೇ ಮೇಲೆ ಕಿರಿದು ಕೆಳಗೆ ಅಗಲವಾದ ಶೇಡ್ ಬೇಕೆನ್ನುವವರಿಗೂ ಈ ಕಿಟ್ ಆಗುವುದಿಲ್ಲ, ಇದರಿಂದ ಆಗುವುದು ಡೋಲಿನಾಕಾರ ಒಂದೇ.

ಸಿದ್ಧ ಶೇಡಿಗಿಂತ ಇದು ಅಗ್ಗವೇನೂ ಅಲ್ಲ, ಉಳಿತಾಯಕ್ಕೆಂದು ಕೊಳ್ಳುವವರು ಕೊಳ್ಳಬೇಡಿ. ಹೊಲಿಗೆ ಬಾರದವರು, ಕೈಯಲ್ಲಿ ಒಂದು ಬಟ್ಟೆಯಿದ್ದು ಅದನ್ನು ಏನು ಮಾಡಬೇಕೆಂದು ತೋಚದವರು ಧೈರ್ಯವಾಗಿ ಕೊಳ್ಳಬಹುದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಅಂಕ ಸೂಚನೆಯ ಹಾಳೆಗೆ, ಉಳಿದ ಅರ್ಧ ಟೇಪಿಗೆ.

ಆ ಹಾಳೆಯನ್ನು ನಾನು ಹಾಗೆ ಬಿಡಲಿಲ್ಲ. ಅಳತೆ ತಿದ್ದಿ, ಕಡ್ಡಿಯ ಬಳಿಯ ಸೀಳನ್ನು ಸೇರಿಸಿ, ಮೇಜುದೀಪಕ್ಕೆ ಬೇರೆ ಚಿತ್ರ ಬೇಕೆಂದು ಅಂಚಿನಲ್ಲಿ ಬರೆದು, ಫೋಟೋ ತೆಗೆದು ತಯಾರಕರಿಗೆ ಕಳುಹಿಸಿದೆ. ಎರಡು ಸಾಲಿನ ವಂದನೆಯ ಉತ್ತರ ಬಂತು. ಕಳೆದ ವಾರ ಅಕ್ಕನ ಮಗಳು ತನಗೂ ಒಂದು ಕಿಟ್ ತರಿಸಿಕೊಂಡು, ಬಟ್ಟೆ ಆರಿಸಲು ನನ್ನಲ್ಲಿಗೆ ಬಂದಳು. ಪೆಟ್ಟಿಗೆ ತೆರೆದ ಕೂಡಲೇ ನಾನು ಕೈ ಹಾಕಿದ್ದು ಸೂಚನೆಯ ಹಾಳೆಗೆ. 98 × 26 ಎಂದು ಅಳತೆ ಸರಿಯಾಗಿತ್ತು. ಸೀಳಿನ ವಿವರವಿತ್ತು. ಮೇಜುದೀಪದ ಚಿತ್ರವೂ ಬಂದಿತ್ತು. ಮೊದಲನೆಯ ಸಾಲನ್ನು ಹೊಸದಾಗಿ ಸೇರಿಸಿದ್ದರು: “ಬೆಟ್ಟವನ್ನು ಚೆನ್ನಾಗಿ ಒಗೆದು ಇಸ್ತ್ರಿ ಮಾಡಿಕೊಳ್ಳಿ.”